ಚೈತ್ರದಲ್ಲಿ ಸಸಿ ಬೇಡ, ನೆಲ ಸಿದ್ಧವಾಗಲಿ

ಓದುಗರ ಪತ್ರ: ಮಧುಗಿರಿ ಕಡೆ ನಮ್ಮದು 3 ಎಕರೆ ಇಳಿಜಾರಿನ ಕೆಂಪು ಮಣ್ಣಿನ ಹೊಲ. ಒಂದು ಕೊಳವೆಬಾವಿ ಇದೆ, ನೀರು ಅಷ್ಟಕ್ಕಷ್ಟೆ. ಯುಗಾದಿ ಕಳೆದ ಮೇಲಿನ ಶನಿವಾರ, ಭಾನುವಾರ ಮಗಳ ಸ್ನೇಹಿತರು 12 ಮಂದಿ ಬೆಂಗಳೂರಿನಿಂದ ಶ್ರಮದಾನಕ್ಕೆ ಬರುತ್ತಾರೆ. 200 ಸಸಿ ನೆಡಿಸುವುದು, ಬೇಲಿಗುಂಟ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಕಡ್ಡಿ ಊರಿಸುವುದು, ಜೀವಾಮೃತ (ಸಗಣಿ, ಗಂಜಲದ ದ್ರವಗೊಬ್ಬರ) ಮಾಡಿಸುವುದು ಎಂದು ಯೋಚಿಸಿದ್ದೇವೆ. ಎರಡು ದಿನದಲ್ಲಿ ಮುಗಿಯುತ್ತದೆಯೇ?

ಸಂಪಾದಕರ ಉತ್ತರ:

ಮುಗಿಯುವುದಿಲ್ಲ. ಮುಗಿದರೂ ಮೇ ತಿಂಗಳ ಹೊತ್ತಿಗೆ ಆ ಸಸಿಗಳಲ್ಲಿ ಬಹುಪಾಲು ನಿಮ್ಮ ಕೈಗೆ ಉಳಿಯುವುದಿಲ್ಲ. ವಸಂತ ಬಂತೆಂದರೆ ಗಿಡ ನೆಡಬೇಕು ಎನ್ನುವುದು ಹಿಮ ಕರಗುವ ದೇಶಗಳ ಲೆಕ್ಕ. ಅಲ್ಲಿ ಚಳಿ ಹೋದ ಮೇಲೆ ನೆಲದಲ್ಲಿ ತೇವವಿರುತ್ತದೆ. ನಿಮ್ಮಲ್ಲಿ ಚೈತ್ರವೆಂದರೆ ನೆಲ ಅತ್ಯಂತ ಒಣಗಿರುವ ಕಾಲ. ಸಸಿಗೆ ಸಲಕ್ಕೆ 10 ಲೀಟರಿನಂತೆ ವಾರಕ್ಕೆರಡು ಸಲ ಹಾಕಿದರೂ 200 ಸಸಿಗೆ ವಾರಕ್ಕೆ 4,000 ಲೀಟರ್ ಬೇಕು, ಅದೂ ಜೂನ್‌ವರೆಗೆ. ಅಷ್ಟಕ್ಕಷ್ಟೆ ಎಂದು ನೀವೇ ಬರೆದಿರುವ ಕೊಳವೆಬಾವಿಯ ಮೇಲೆ ಈ ಭಾರ ಹೊರಿಸಬೇಡಿ.

ಗ್ಲಿರಿಸಿಡಿಯಾ ಕಡ್ಡಿಯ ಕಥೆ ಇನ್ನೂ ಮೋಸದ್ದು. ಒಣ ನೆಲದಲ್ಲಿ ಊರಿದ ಕಡ್ಡಿ ತನ್ನೊಳಗಿನ ಸತ್ವದಿಂದಲೇ ಚಿಗುರುತ್ತದೆ. ಹಿಡಿದುಕೊಂಡಿತು ಎಂದು ನಾವು ಖುಷಿಪಡುತ್ತೇವೆ. ಬೇರು ಬಿಟ್ಟಿರುವುದಿಲ್ಲ. ಕೆಲವೇ ವಾರಗಳಲ್ಲಿ ಚಿಗುರು ಬಾಡಿ ಕಡ್ಡಿ ಸೌದೆಯಾಗುತ್ತದೆ. ಮುಂಗಾರು ಕಚ್ಚಿಕೊಂಡ ಮೇಲೆ ಊರಿ. ಇನ್ನು ಜೀವಾಮೃತ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳಧಾನ್ಯದ ಹಿಟ್ಟು ಕಲಕಲು ಒಬ್ಬರು ಸಾಕು. ಅದಕ್ಕೆ 12 ಜನ ಸುತ್ತ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೆ.

ಒಂದೇ ಹೊತ್ತಿಗೆ 24 ಕೈ ಸಿಗುವುದು ಅಪರೂಪ. ಆ ಕೈಗಳನ್ನು ಮಣ್ಣಿಗೆ ಹಾಕಿ. ಹರಿದುಹೋಗುವ ಮಳೆನೀರನ್ನು ತಡೆದು ಇಂಗಿಸಲು ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್, ಅಂದರೆ ಉದ್ದನೆಯ ಗುಂಡಿ ತೆಗೆಸಿ.

ಲೆಕ್ಕ ನೋಡಿ. ಒಂದು ಎಕರೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 80,000 ಲೀಟರ್ ನೀರು. ಗಟ್ಟಿ ನೆಲದಲ್ಲಿ ಅದರ ಕಾಲು ಭಾಗ ಹರಿದುಹೋಯಿತೆಂದರೂ 20,000 ಲೀಟರ್. 10 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಟ್ರೆಂಚ್ ಸುಮಾರು 640 ಲೀಟರ್ ಹಿಡಿಯುತ್ತದೆ. ಹಾಗಾಗಿ ಎಕರೆಗೆ 32 ಬೇಕು. ಆದರೆ ಅಭ್ಯಾಸವಿಲ್ಲದ ಇಬ್ಬರು ದಿನಕ್ಕೆ ಒಂದೂವರೆ ಟ್ರೆಂಚ್ ತೆಗೆದರೆ ದೊಡ್ಡದು. ಆರು ಜೋಡಿ, ಎರಡು ದಿನ ಎಂದರೆ 18. ಅಷ್ಟಕ್ಕೆ ಮಾತ್ರ ಗೆರೆ ಹಾಕಿ, ಹೊಲದ ಮೇಲ್ತುದಿಯಿಂದ ಶುರುಮಾಡಿ. ಕೆಳಗಿನಿಂದ ಶುರುಮಾಡಿದರೆ ಮೇಲಿನ ನೀರೆಲ್ಲ ರಭಸದಿಂದ ಬಂದು ಹೊಸ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. 32 ಅರೆಬರೆ ಗುಂಡಿಗಳಿಗಿಂತ 18 ಪೂರ್ತಿ ಟ್ರೆಂಚ್ ಮೇಲು.

ಟ್ರೆಂಚ್ ಎಲ್ಲಿ ಬರಬೇಕೆಂದು ಸಮಮಟ್ಟದ ಗೆರೆ ಎಳೆಯುವ ಕೆಲಸ ಅತಿಥಿಗಳು ಬರುವ ಮುಂಚೆಯೇ ಮುಗಿದಿರಬೇಕು. ಇದನ್ನು ಅವರ ಪಾಲಿಗೆ ಬಿಟ್ಟರೆ ಶನಿವಾರದ ತಂಪು ಹೊತ್ತು ಅಲ್ಲಿಗೇ ಹೋಯಿತು. 7 ಅಡಿಯ ಎರಡು ಬಿದಿರು ಗಳಗಳನ್ನು ತುದಿಯಲ್ಲಿ ಕಟ್ಟಿ, ಕಾಲುಗಳನ್ನು 6 ಅಡಿ ಅಗಲಿಸಿ, ಸೊಂಟದೆತ್ತರಕ್ಕೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಕಾಲನ್ನೂ ನೆಲದಲ್ಲಿ ಗುರುತಿಸಿದ ಜಾಗದಲ್ಲಿ ಇಟ್ಟು, ದಾರ ಅಡ್ಡಪಟ್ಟಿಯನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಗೀಟು ಹಾಕಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗೀಟು ಹಾಕಿ. ಎರಡರ ನಟ್ಟನಡುವೆ ಬರುವುದೇ ಸಮಮಟ್ಟ. ದಾರ ಆ ನಡುಗೀಟಿಗೆ ಬರುವಂತೆ ಒಂದೊಂದೇ ಕಾಲು ಸರಿಸುತ್ತಾ, ಕಾಲಿಟ್ಟಲ್ಲಿ ಗುರುತು ಹಾಕುತ್ತಾ ಹೋಗಿ. ಕಾಲು ಅದಲುಬದಲು ಮಾಡುವುದನ್ನು ಬಿಟ್ಟು ಕಣ್ಣಂದಾಜಿನಲ್ಲಿ ನಡುಗೀಟು ಹಾಕುವವರೇ ಹೆಚ್ಚು. ಆಗ ಪ್ರತಿ ಹೆಜ್ಜೆಗೂ ಅದೇ ತಪ್ಪು ಕೂಡುತ್ತಾ ಹೋಗಿ ಸಾಲಿನ ಕೊನೆಗೆ ಗೇಣುಗಟ್ಟಲೆ ವ್ಯತ್ಯಾಸ ಬರುತ್ತದೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಅಳೆದು ರಂಗೋಲಿ ಪುಡಿಯಿಂದ ಗೆರೆ ಎಳೆಯಿರಿ. ಗಾರೆಯವರ ನೀರಿನ ಪೈಪಿನಿಂದಲೂ ಮಟ್ಟ ನೋಡಬಹುದು, ಪೈಪಿನೊಳಗೆ ಗಾಳಿಗುಳ್ಳೆ ಉಳಿಯಬಾರದು. ಸಣ್ಣ ಇಳಿಜಾರಾದರೆ ಸಾಲಿನಿಂದ ಸಾಲಿಗೆ 30ರಿಂದ 35 ಅಡಿ ಇರಲಿ. ಮೇಲಿನ ಸಾಲಿನ ಎರಡು ಟ್ರೆಂಚುಗಳ ನಡುವಿನ ಖಾಲಿ ಜಾಗಕ್ಕೆ ನೇರವಾಗಿ ಕೆಳಗಿನ ಸಾಲಿನ ಟ್ರೆಂಚ್ ಬರಲಿ.

ಅಗೆದ ಮಣ್ಣು ಬೀಳಬೇಕಾದ್ದು ಇಳಿಜಾರಿನ ಕೆಳಬದಿಗೆ, ಅಂಚಿನಿಂದ ಒಂದು ಅಡಿ ಬಿಟ್ಟು; ಅದೇ ಬದುವಾಗುತ್ತದೆ. ಅಂಚಿಗೇ ಹಾಕಿದರೆ ಮೊದಲ ಮಳೆಗೇ ಎಲ್ಲ ಒಳಗೆ ಜಾರುತ್ತದೆ. ತಳವೂ ಮಟ್ಟವಾಗಿರಬೇಕು, ಒಂದು ತುದಿ ಆಳವಾದರೆ ನೀರು ಅಲ್ಲೇ ಸೇರಿ ಆ ಮೂಲೆಯಲ್ಲೇ ಬದು ಒಡೆಯುತ್ತದೆ. ಟ್ರೆಂಚ್ ತುಂಬಿದ ಮೇಲೆ ನೀರು ಹೊರಹೋಗಲು ಒಂದು ತುದಿಯಲ್ಲಿ ಅಂಗೈ ಆಳದ ಕೋಡಿ ಬಿಟ್ಟು ಕಲ್ಲು ಹಾಸಿ. ಬದುವಿನ ಮಣ್ಣನ್ನು ತುಳಿದು ಗಟ್ಟಿಮಾಡಿ, ಅಶ್ವಿನಿ ಭರಣಿ ಮಳೆ (ಏಪ್ರಿಲ್-ಮೇ) ಬಿದ್ದ ಕೂಡಲೇ ಹುರುಳಿಯನ್ನೋ ಅಪ್ಸೆಣಬನ್ನೋ ಚೆಲ್ಲಿ. (ಎರೆಮಣ್ಣಿನವರು ಇದನ್ನು ಓದಿ ಹಾಗೆಯೇ ಮಾಡಬೇಡಿ. ಬೇಸಿಗೆಯ ಬಿರುಕಿನೊಳಗೆ ನೀರು ನುಗ್ಗಿ ಬದುವನ್ನೇ ಒಳಗಿನಿಂದ ಕೊರೆಯುತ್ತದೆ.)

ಒಣಗಿದ ಕೆಂಪು ಮಣ್ಣು ಮೇಲ್ಪದರದಲ್ಲಿ ಬಂಡೆಯಂತಿರುತ್ತದೆ. ಹಿಂದಿನ ಸಂಜೆ ಗೆರೆಗೆ ಟ್ರೆಂಚೊಂದಕ್ಕೆ ನಾಲ್ಕೈದು ಬಿಂದಿಗೆ ನೀರು ಬಿಟ್ಟರೆ ಬೆಳಿಗ್ಗೆ ಪಿಕಾಸಿ ಇಳಿಯುತ್ತದೆ. ಜೋಡಿಗೆ ಒಂದು ಪಿಕಾಸಿ, ಒಂದು ಗುದ್ದಲಿ, ಒಂದು ಬಾಂಡ್ಲಿ. ಎಲ್ಲರಿಗೂ ಸೇರಿ ಎರಡು ಹಾರೆ. ಅವುಗಳ ಕಾವು (ಮರದ ಹಿಡಿ) ಅಲುಗಾಡುತ್ತಿದ್ದರೆ ಬೆಣೆ ಹೊಡೆಯಿರಿ. ರಾತ್ರಿ ನೀರಿನಲ್ಲಿ ನೆನೆಹಾಕಿದ ಕಾವು ಬೆಳಿಗ್ಗೆ ಬಿಗಿಯಾಗಿರುತ್ತದೆ, ಬಿಸಿಲಿಗೆ ಒಣಗಿ ಹತ್ತು ಗಂಟೆಗೆ ಮತ್ತೆ ಸಡಿಲ. ಪಕ್ಕದವರ ಮೇಲೆ ಗುದ್ದಲಿ ಹಾರುವುದು ಆಗಲೇ. ಕೆಲಸ ಮಾಡುವ ಜೋಡಿಗಳ ನಡುವೆ 10 ಅಡಿ ಅಂತರವಿರಲಿ.

ಊರಿನ ಇಬ್ಬರು ಅನುಭವಿ ಕೂಲಿಯವರನ್ನು ಆ ಎರಡು ದಿನ ಪೂರ್ತಿ ಕೂಲಿ ಕೊಟ್ಟು ಕರೆಯಿರಿ, ಆರು ಮಂದಿಗೆ ಒಬ್ಬರು. ಅವರು ಅಗೆಯುವುದಕ್ಕಲ್ಲ, ಅಗೆಯುವುದನ್ನು ತೋರಿಸುವುದಕ್ಕೆ. ಕೂಲಿ ಉಳಿಸಲೆಂದು ಶ್ರಮದಾನ ಏರ್ಪಡಿಸಿದರೆ ಕೊನೆಗೆ ದುಡ್ಡು, ಕೆಲಸ ಎರಡೂ ಕೈತಪ್ಪುತ್ತವೆ.

ಕೆಲಸ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 6.30. ಮಧ್ಯಾಹ್ನ ಯಾರನ್ನೂ ಬಿಸಿಲಿಗೆ ಬಿಡಬೇಡಿ. ಮಜ್ಜಿಗೆ, ಪಾನಕ ಧಾರಾಳವಾಗಿರಲಿ, ಓಆರ್‌ಎಸ್ ಪೊಟ್ಟಣಗಳೂ ಇರಲಿ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಮೊದಲೇ ಕೇಳಿ. ಕಲ್ಲುಗುಡ್ಡೆ, ಒಣಹುಲ್ಲು, ಸೌದೆ ರಾಶಿಗೆ ಬರಿಗೈ ಹಾಕಬಾರದು. ಕಲ್ಲು ಎತ್ತುವಾಗ ಆಚೆಯ ಅಂಚನ್ನು ಹಾರೆಯಿಂದ ಮೀಟಿ ತಮ್ಮ ಕಡೆಗೆ ಮಗುಚಿಕೊಳ್ಳಲಿ. ಆಗ ಕಲ್ಲಿನಡಿಯ ಸಂದಿಯ ಬಾಯಿ ಆ ಕಡೆ ತೆರೆದಿರುತ್ತದೆ, ಚೇಳೋ ಕೊಳಕುಮಂಡಲವೋ ಇದ್ದರೆ ಆಚೆ ಹೋಗುತ್ತದೆ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಅಲುಗಾಡಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಶುಕ್ರವಾರವೇ ವಿಚಾರಿಸಿಟ್ಟುಕೊಳ್ಳಿ. ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡ ನಿಮ್ಮಲ್ಲೋ ಪಕ್ಕದಲ್ಲೋ ಇದ್ದರೆ ಸುತ್ತ ಹಗ್ಗ ಕಟ್ಟಿ. ಈಜು ಬಲ್ಲವರೂ ಆ ಜಾರು ಹಾಳೆಯ ಮೇಲೆ ಹತ್ತಿ ಬರಲಾರರು. ಗಂಟು ಹಾಕಿದ ಹಗ್ಗವೊಂದು ಸದಾ ಒಳಗೆ ಇಳಿಬಿಟ್ಟಿರಲಿ.

ಮಧ್ಯಾಹ್ನ ನೆರಳಿನಲ್ಲಿ ಕೂತು ಮಾಡುವ ಕೆಲಸ ನರ್ಸರಿ. ಗ್ಲಿರಿಸಿಡಿಯಾ ಕಾಯಿ ಸಿಡಿದು ಬೀಜ ಚೆಲ್ಲುವ ಮುನ್ನ ಕೊಯ್ದಿಡಿ, ಹೊಂಗೆ ಕಾಯಿಯೂ ಈಗಲೇ ಸಿಗುತ್ತದೆ. 5×8 ಇಂಚಿನ 300 ಚೀಲಕ್ಕೆ ಸುಮಾರು 300 ಲೀಟರ್ ಮಿಶ್ರಣ ಬೇಕು: ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಗೊಬ್ಬರ. ಗೊಬ್ಬರ ಹಸಿಯಿದ್ದರೆ ಗೊಣ್ಣೆಹುಳು ಚೀಲದೊಳಗೇ ಬೆಳೆಯುತ್ತದೆ. ತುಂಬುವಾಗ ಚೀಲವನ್ನು ನೆಲಕ್ಕೆ ಕುಟ್ಟಿ ಕೂರಿಸದಿದ್ದರೆ ನೀರು ಹಾಕಿದಾಗ ಅರ್ಧಕ್ಕೆ ಕುಸಿಯುತ್ತದೆ. ಶನಿವಾರ ತುಂಬಿ ನೀರುಣಿಸಿ; ಭಾನುವಾರ, ರಾತ್ರಿಯಿಡೀ ನೆನೆದ ಗ್ಲಿರಿಸಿಡಿಯಾ ಬೀಜ ಚೀಲಕ್ಕೆರಡು, ಸಿಪ್ಪೆ ಬಿಡಿಸಿದ ಹೊಂಗೆ ಚೀಲಕ್ಕೊಂದು ಹಾಕಿಸಿ. ಒಂದು ಇಂಚಿಗಿಂತ ಆಳಕ್ಕೆ ಬೇಡ. ಬೇಲಿಯ ಗಿಡ ಆಗ ನಿಮ್ಮ ಮನೆಯಲ್ಲೇ ತಯಾರಾಗುತ್ತದೆ.

ಅಗೆಯಲು ಆಗದವರಿಗೆ ಕುಡುಗೋಲು ಕೊಟ್ಟು ರಸ್ತೆ ಬದಿಯ 10 ಅಡಿ ಅಗಲದ ಒಣಹುಲ್ಲು ಕೊಯ್ಯಿಸಿ. ಬೀಡಿ ತುಂಡಿನ ಬೆಂಕಿ ಒಳಗೆ ಬರುವುದು ಆ ಕಡೆಯಿಂದಲೇ. ಕಬ್ಬಿಣದ ಬ್ಲೇಡಿನ ಕಳೆಯಂತ್ರ ಬೇಡ, ಕಲ್ಲಿಗೆ ತಾಗಿ ಕಿಡಿ ಹಾರುತ್ತದೆ. ಕೊಯ್ದದ್ದನ್ನು ಸುಡದೆ, ಈಗಿರುವ ಗಿಡಗಳಿಗೆ ಮೊದಲು ನೀರು ಹಾಕಿ ಆಮೇಲೆ 4 ಇಂಚು ದಪ್ಪ ಹೊದಿಸಿ. ಕಾಂಡದ ಸುತ್ತ ಅಂಗೈ ಅಗಲ ಖಾಲಿ ಬಿಡಿ, ಇಲ್ಲವಾದರೆ ಗೆದ್ದಲು.

200 ಸಸಿಯ ಆಸೆ ಬಿಡಬೇಕಿಲ್ಲ, ಕಂತು ಮಾಡಿ. ಈ ವರ್ಷ ಟ್ರೆಂಚಿನ ಕೆಳಬದಿಗೆ 40 ಗುಂಡಿ ಸಾಕು. ಎರಡಡಿ ಉದ್ದಗಲ ಆಳದ ಗುಂಡಿಗಳನ್ನು ಏಪ್ರಿಲ್‌ನಲ್ಲಿ ಕೂಲಿಯವರಿಂದಲೋ ಬಾಡಿಗೆ ಯಂತ್ರದಿಂದಲೋ ತೆಗೆಸಿ ಬಿಸಿಲಿಗೆ ಬಿಡಿ. ಯಂತ್ರದ ಗುಂಡಿಯ ಗೋಡೆ ನುಣುಪಾಗಿ ಬೇರು ಸುತ್ತಿಕೊಳ್ಳುತ್ತದೆ, ಹಾರೆಯಿಂದ ಕೆರೆದು ಒರಟು ಮಾಡಿ. ಮೇ ಕೊನೆಗೆ ಮೇಲ್ಮಣ್ಣು, ಗೊಬ್ಬರ, ಬೇವಿನ ಹಿಂಡಿ ಸೇರಿಸಿ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತುಂಬಿ. ಮಳೆಗೆ ಕುಸಿದು ಸಮವಾಗುತ್ತದೆ.

ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಟ್ರೆಂಚುಗಳನ್ನು ಸುತ್ತಿ ಬನ್ನಿ, ಬದು ಕಿತ್ತಿದ್ದರೆ ಎರಡನೇ ಮಳೆಗೆ ಮುಂಚೆ ಮುಚ್ಚಿ. ಅದೇ 12 ಮಂದಿಯನ್ನು ನೆಡುವುದಕ್ಕೆ ಜುಲೈನಲ್ಲಿ ಮತ್ತೆ ಕರೆಯಿರಿ. ಬೇವಿನ ಹಣ್ಣು ಉದುರುವುದೂ ಆಗಲೇ. ಆ ಬೀಜ ಎರಡು ಮೂರು ವಾರಕ್ಕಿಂತ ಹೆಚ್ಚು ದಿನ ಜೀವ ಹಿಡಿಯುವುದಿಲ್ಲ, ಆದ್ದರಿಂದ ಒಂದಷ್ಟು ಚೀಲಗಳನ್ನು ಖಾಲಿ ಇಟ್ಟಿರಿ.