ಶೆಂಗೆನ್‌ನಲ್ಲಿ ಸ್ಟ್ಯಾಂಪ್ ಇಲ್ಲ ಅಂದ್ರೆ ದಿನದ ಲೆಕ್ಕ ಯಾರು ಇಡ್ತಾರೆ?

ಶೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಒಮ್ಮೆ ಬೆರಳಚ್ಚು ಕೊಟ್ಟಾಗಿದೆ, ಗಡಿಯಲ್ಲಿ ಮತ್ತೆ ಕೊಡಬೇಕಾ, ಪಾಸ್‌ಪೋರ್ಟಿಗೆ ಸ್ಟ್ಯಾಂಪ್ ಹಾಕುವ ಬದಲು ಬಂದುಹೋದದ್ದನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆಗೆ ಹೆದರಬೇಕಾ ಅಂತ ಕೇಳಿದ್ದೀರಿ.

ಬೆರಳಚ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದು ವೀಸಾ ದಾಖಲೆಯಲ್ಲಿ ಆಗಲೇ ಇದೆ. ಗಡಿಯಲ್ಲಿ ಮುಖದ ಫೋಟೊ ತೆಗೆಯುತ್ತಾರೆ, ಬೇಕಾದರೆ ಬೆರಳಿಡಿಸಿ ಹಳೆಯದರ ಜೊತೆ ತಾಳೆ ನೋಡುತ್ತಾರೆ. ಹೊಸದಾಗಿ ನಾಲ್ಕು ಬೆರಳಿನ ಅಚ್ಚು ಕೊಡಬೇಕಾದವರು ವೀಸಾ ಇಲ್ಲದೆ ಹೋಗುವ ದೇಶದವರು. 12 ವರ್ಷದೊಳಗಿನ ಮಕ್ಕಳಿಗೆ ಫೋಟೊ ಮಾತ್ರ. ಶುಲ್ಕ ಇಲ್ಲ. ಮುಂಗಡ ನೋಂದಣಿ ಮಾಡಿಸಿಕೊಡ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಕೈ ಮುಗಿದು ಬನ್ನಿ.

ಗಮನ ಕೊಡಬೇಕಾದ್ದು ದಿನದ ಲೆಕ್ಕಕ್ಕೆ. ಎಂಟ್ರಿ ಎಕ್ಸಿಟ್ ಸಿಸ್ಟಮ್ ಅನ್ನುವ ಈ ವ್ಯವಸ್ಥೆ 29 ದೇಶಗಳಿಗೆ ಸೇರಿದ್ದು. 2025ರ ಅಕ್ಟೋಬರ್ 12ರಂದು ಶುರುವಾಯಿತು, ಪೂರ್ತಿ ಜಾರಿಗೆ 2026ರ ಏಪ್ರಿಲ್ 10ರ ಗಡುವು ಇಟ್ಟಿದ್ದರು. ಮೊದಲೆಲ್ಲ ಅಧಿಕಾರಿ ಪುಟ ತಿರುವಿ, ಮಸುಕಾದ ಸ್ಟ್ಯಾಂಪ್ ಓದಿ ದಿನ ಕೂಡಿಸಬೇಕಿತ್ತು. ಒಂದೆರಡು ದಿನ ಆಚೀಚೆ ಆದರೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಈಗ ಯಂತ್ರವೇ ಕೂಡಿಸುತ್ತದೆ. ಅದಕ್ಕೆ ದಾಕ್ಷಿಣ್ಯ ಇಲ್ಲ.

ನಿಯಮ ಹಳೆಯದೇ: ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿ ಇರುವಂತಿಲ್ಲ. ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಈ 180 ಕ್ಯಾಲೆಂಡರಿನ ಅರ್ಧ ವರ್ಷ ಅಲ್ಲ. ಪ್ರತಿದಿನ, ಆವತ್ತಿನಿಂದ ಹಿಂದಕ್ಕೆ 180 ದಿನ ಎಣಿಸಬೇಕು. ಫೆಬ್ರವರಿಗೆ 28 ದಿನ ಇರುವ ವರ್ಷ ತಗೊಳ್ಳಿ. ಜನವರಿ 1ರಿಂದ 30ರ ತನಕ ಇದ್ದು ಬಂದಿರಿ, ಮೇ 1ಕ್ಕೆ ಮತ್ತೆ ಹೋದಿರಿ. ಜೂನ್ 29ಕ್ಕೆ 90 ತುಂಬಿತು, ಹೊರಡಬೇಕು ಅನ್ನಿಸುತ್ತದೆ ಅಲ್ವಾ? ಇಲ್ಲ. ಜೂನ್ 30ರಿಂದ ಜನವರಿಯ ದಿನಗಳು ಒಂದೊಂದಾಗಿ ಲೆಕ್ಕದಿಂದ ಉದುರುತ್ತವೆ, ಹಾಗಾಗಿ ಜುಲೈ 29ರ ತನಕ ಇರಬಹುದು. ಜುಲೈ 30 ಆದರೆ ತಪ್ಪು. ಆದರೆ ಇದು ವೀಸಾದಲ್ಲಿ ಅಷ್ಟು ದಿನ ಕೊಟ್ಟಿದ್ದರೆ ಮಾತ್ರ. ಸ್ಟಿಕ್ಕರಿನಲ್ಲಿ 15 ದಿನ ಅಂತಿದ್ದರೆ ನಿಮಗೆ 15 ದಿನವೇ. ಬಹಳ ಜನ ವೀಸಾ ಮುಗಿಯುವ ತಾರೀಕು ಮಾತ್ರ ನೋಡಿ ಎಡವುವುದು ಇಲ್ಲೇ. ಯುರೋಪಿಯನ್ ಕಮಿಷನ್ನಿನ ಕ್ಯಾಲ್ಕುಲೇಟರ್ ಇದೆ, ಅದರಲ್ಲೇ ಹಾಕಿ ನೋಡಿ.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ರೋಮ್‌ಗೆ ಹೋದರೆ ಪ್ರವೇಶ ದಾಖಲಾಗುವುದು ಫ್ರಾಂಕ್‌ಫರ್ಟ್‌ನಲ್ಲಿ. ಅಲ್ಲಿ ಸಾಲು ಉದ್ದ ಇರಬಹುದು, ಕನೆಕ್ಷನ್ನಿಗೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಐರ್ಲೆಂಡ್, ಸೈಪ್ರಸ್ ಈ ವ್ಯವಸ್ಥೆಯಲ್ಲಿ ಇಲ್ಲ. ಕ್ರೊಯೇಷಿಯಾ ಹೊರಗಿದೆ ಅನ್ನುವ ಹಳೆಯ ಸಲಹೆ ನಂಬಬೇಡಿ, 2023ರಿಂದ ಅದೂ ಶೆಂಗೆನ್.

ಇನ್ನೊಂದು ಮಾತು. ನೀವು ಹೊರಟದ್ದು ಏನೋ ಕಾರಣಕ್ಕೆ ದಾಖಲಾಗದಿದ್ದರೆ, ಯಂತ್ರದ ಕಣ್ಣಿಗೆ ನೀವಿನ್ನೂ ಅಲ್ಲೇ ಇದ್ದೀರಿ. ಸಾಮಾನ್ಯವಾಗಿ ಕೊನೆಯ ನಿರ್ಗಮನದಿಂದ 3 ವರ್ಷ ಉಳಿಯುವ ದಾಖಲೆ ಆಗ 5 ವರ್ಷ ಉಳಿಯುತ್ತದೆ. ಟಿಕೆಟ್, ಬೋರ್ಡಿಂಗ್ ಪಾಸ್ ತೋರಿಸಿ ಸರಿಪಡಿಸಿಕೊಳ್ಳಲು ಅವಕಾಶ ಇದೆ. ಎರಡನ್ನೂ ಎಸೆಯಬೇಡಿ.

ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಅಥವಾ ಲಾಂಗ್ ಸ್ಟೇ ವೀಸಾ ಇದ್ದವರಿಗೆ ಈ ಎಂಟ್ರಿ ಎಕ್ಸಿಟ್ ಸಿಸ್ಟಮ್ ಅನ್ವಯಿಸುವುದಿಲ್ಲ.