ವಾಸನೆ ಹೋಯ್ತು ಅಂದ್ರೆ ಗ್ಯಾಸ್ ಹೋಯ್ತು ಅಂತಲ್ಲ

ಕಾಲೇಜ್ ಡೇ ಸೀಸನ್ ಬಂತು ಅಂದ್ರೆ ನನಗೆ ಸ್ಟಿಂಕ್ ಬಾಂಬ್ (ತಮಾಷೆಗೆ ನಾತ ಎಬ್ಬಿಸೋ ಸಾಮಾನು) ಪ್ರಶ್ನೆಗಳು ಶುರು. ಹೋದ ವರ್ಷ ನೋಡಿ ಸುಮ್ನಾಗಿದ್ದೆ, ಈ ಸಲ ಒಂದೇ ವಾರದಲ್ಲಿ ಏಳು ಬಂದ್ವು, ಅದ್ರಲ್ಲಿ ನಾಲ್ಕು ಜನಕ್ಕೆ ಬೇಕಾಗಿರೋದು ರೆಸಿಪಿ. ನಾನು 22 ವರ್ಷ ಒಂದು ರಿಫೈನರಿಯಲ್ಲಿ ಗ್ಯಾಸ್ ಸೇಫ್ಟಿ ನೋಡ್ಕೊಂಡಿದ್ದೋನು, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಎಲ್ರೂ ನಗ್ತಾರೆ, ನನ್ನ ಕೈ ಮಾತ್ರ ಇವತ್ತಿಗೂ ಜೇಬಿನ ಗ್ಯಾಸ್ ಮೀಟರ್ ಹುಡುಕುತ್ತೆ. ಹಾಗಾಗಿ ಉತ್ತರ ಸ್ವಲ್ಪ ಖಾರವಾಗೇ ಇರುತ್ತೆ.

ಪ್ರಶ್ನೆ: ಸಾರ್, ಮನೇಲಿರೋ ಸಾಮಾನಲ್ಲೇ ಸ್ಟಿಂಕ್ ಬಾಂಬ್ ಮಾಡೋದು ಹೇಗೆ? ಹಾಸ್ಟೆಲಲ್ಲಿ ಫ್ರೆಂಡ್ ರೂಮಿಗೆ ಹಾಕ್ಬೇಕು.

ಹೇಳಲ್ಲ. ಯಾರೋ ವಿಡಿಯೋದಲ್ಲಿ ಹೇಳ್ದ ಅಂತ ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಅದೂ ಇದೂ ಬೆರೆಸೋಕೆ ಕೂರ್ಬೇಡ ಕಣಪ್ಪ, ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಮಗ ಪಿಯುಸಿ ಓದ್ತಿದ್ದಾನೆ. ಅವರ ಕ್ಲಾಸಲ್ಲಿ ಯಾರೋ ಸಣ್ಣ ಗಾಜಿನ ಟ್ಯೂಬ್ ಕಾಲಲ್ಲಿ ಒಡೆದು ನಾತ ಎಬ್ಬಿಸಿದ್ರಂತೆ. ಹತ್ತು ನಿಮಿಷಕ್ಕೆ ವಾಸನೆ ಹೋಯ್ತು ಅಂತ ಲೆಕ್ಚರರ್ ಪಾಠ ಮುಂದುವರಿಸಿದ್ರಂತೆ. ಏನೂ ತೊಂದ್ರೆ ಇಲ್ಲ ತಾನೇ? – ಒಬ್ಬ ತಾಯಿ, ಹಾಸನ

ಮೇಡಂ, ಆ ದಿನಕ್ಕೆ ತೊಂದ್ರೆ ಇಲ್ಲ. ಆದ್ರೆ ಆ ಲೆಕ್ಚರರ್ ಹೇಳಿದ ಕಾರಣ ಇದೆಯಲ್ಲ, "ವಾಸನೆ ಹೋಯ್ತು", ಅದೇ ಒಂದು ಮಾತಿಗೆ ನಾನು ಇಷ್ಟು ವರ್ಷ ತಲೆ ಚಚ್ಚಿಕೊಂಡಿದ್ದು.

ಮೊದಲು ಆ ಟ್ಯೂಬ್ ಏನು ಅಂತ ನೋಡೋಣ. ಇಂಜೆಕ್ಷನ್ ಔಷಧಿ ಬರುತ್ತಲ್ಲ, ಕುತ್ತಿಗೆ ಮುರಿದು ತೆಗೆಯೋ ಗಾಜಿನ ಆಂಪ್ಯೂಲ್, ಹೆಚ್ಚುಕಮ್ಮಿ ಅದೇ ಸೈಜು, ಒಳಗೆ ತಿಳಿ ಹಳದಿ ನೀರು. ಅದು ಅಮೋನಿಯಂ ಸಲ್ಫೈಡ್ ದ್ರಾವಣ. ಗಾಜು ಒಡೆದು ಗಾಳಿಗೆ ಬಿದ್ದ ತಕ್ಷಣ ಎರಡು ಗ್ಯಾಸ್ ಏಳುತ್ತೆ, ಒಂದು ಅಮೋನಿಯಾ, ಮೂಗಿನೊಳಗೆ ಚುರ್ ಅನ್ಸೋದು ಅದು, ಇನ್ನೊಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ. ಹಾಗಂತ ಈ ಎರಡನೇದು ಏನೋ ದೆವ್ವ ಅಂತ ಅಲ್ಲ, ಪಾನಿಪುರಿ ಗಾಡಿ ಹತ್ರ ಕಾಲಾ ನಮಕ್ ಘಮ ಅಂತ ಬಾಯಲ್ಲಿ ನೀರೂರಿಸ್ಕೊಂಡು ಪ್ಲೇಟ್ ಚಾಚ್ತೀವಲ್ಲ, ಅದರಲ್ಲಿರೋದೂ ಇದೇ ಗಂಧಕದ ಸಂಸಾರ. ಎಲ್ಲಾ ಪ್ರಮಾಣದ ಮಾತು.

ಪ್ರಮಾಣ ಲೆಕ್ಕ ಹಾಕೋಣ, ನನಗೆ ಬಾಯಿಮಾತಲ್ಲಿ ನಂಬಿಕೆ ಇಲ್ಲ. 1 ಎಂಎಲ್ ದ್ರಾವಣ, ಅದರಲ್ಲಿ 20% ಅಮೋನಿಯಂ ಸಲ್ಫೈಡ್ ಅಂತ ಇಟ್ಕೊಳ್ಳಿ, ಪೂರ್ತಿ ಗ್ಯಾಸ್ ಆದ್ರೂ ಹೈಡ್ರೋಜನ್ ಸಲ್ಫೈಡ್ ಬರೋದು 70 ಎಂಎಲ್ ಚಿಲ್ಲರೆ. 8 ಮೀಟರ್ ಉದ್ದ 6 ಮೀಟರ್ ಅಗಲ 3.5 ಮೀಟರ್ ಎತ್ತರದ ಕ್ಲಾಸ್‌ರೂಮಲ್ಲಿ ಅದು ಹರಡಿದ್ರೆ ಅರ್ಧ ಪಿಪಿಎಂಗಿಂತ ಕಮ್ಮಿ, ಅಂದ್ರೆ ಹತ್ತು ಲಕ್ಷ ಭಾಗ ಗಾಳೀಲಿ ಅರ್ಧ ಭಾಗ. ನಮ್ಮ ಮೀಟರ್ ಕೂಗ್ಕೊಳ್ತಿದ್ದಿದ್ದು 10 ಪಿಪಿಎಂಗೆ. ಆದ್ರೆ ಮೂಗು 0.01 ಪಿಪಿಎಂ ಆಸುಪಾಸಲ್ಲೇ ಹಿಡಿದುಬಿಡುತ್ತೆ, ಹತ್ತು ಕೋಟಿಗೆ ಒಂದು ಭಾಗ! ಅದಕ್ಕೇ ಇಡೀ ಕ್ಲಾಸು ಮೂಗು ಮುಚ್ಕೊಂಡಿದ್ದು, ಆದ್ರೂ ಯಾರಿಗೂ ಏನೂ ಆಗ್ಲಿಲ್ಲ. ಗಂಧಕದ ವಾಸನೆ ವಿಷಯದಲ್ಲಿ ನಮ್ಮ ಮೂಗು ಅಷ್ಟು ಚುರುಕು, ಕೊಳೆತಿದ್ದನ್ನ ತಿನ್ನದೇ ಇರ್ಲಿ ಅಂತ ಇರ್ಬೇಕು. ಇಂಥ ವಾಸನೆ ಹಿಡಿಯೋ ಒಂದು ರಿಸೆಪ್ಟರ್, ಅಂದ್ರೆ ಮೂಗೊಳಗಿನ ಪ್ರೋಟೀನ್, ಕೆಲಸ ಮಾಡೋಕೆ ತಾಮ್ರ ಬೇಕು ಅಂತ 2016ರಲ್ಲಿ ತೋರಿಸಿದ್ರು, ಮೂಗೊಳಗೂ ತಾಮ್ರ ನೋಡಿ.

ಅದೇ ಆಂಪ್ಯೂಲನ್ನ ಕಿಟಕಿ ಏರಿಸಿರೋ ಕಾರಲ್ಲಿ ಒಡೆದ್ರೆ? 3 ಘನ ಮೀಟರ್ ಜಾಗ, 24 ಪಿಪಿಎಂ. ಆಗ ಅದು ತಮಾಷೆ ಅಲ್ಲ, ಕಣ್ಣು ಉರಿ, ತಲೆನೋವು, ವಾಂತಿ, ಆಸ್ತಮಾ ಇರೋರಿಗೆ ಅಮೋನಿಯಾ ಬೇರೆ. ಕಾರಲ್ಲಿ, ಲಿಫ್ಟಲ್ಲಿ, ಬಾತ್‌ರೂಮಲ್ಲಿ ಬೇಡ ಅಂತ ಮಗನಿಗೆ ಹೇಳಿ. ಮಗ ನಾನಲ್ಲ ಅಂತಾನೆ, ಅನ್ಲಿ, ಆದ್ರೂ ಹೇಳಿ. ಆ ನೀರು ಚರ್ಮ ಸುಡುತ್ತೆ, ಗಾಜಿನ ಚೂರು ಚಪ್ಪಲಿಗೆ ಸಿಕ್ಕೊಳ್ಳುತ್ತೆ, ಅದು ಬೇರೆ.

ಈಗ ಆ ಹತ್ತು ನಿಮಿಷಕ್ಕೆ ಬರೋಣ. ವಾಸನೆ ಯಾಕೆ ಹೋಯ್ತು? ಸ್ವಲ್ಪ ಗ್ಯಾಸು ಕಿಟಕಿಯಿಂದ ಹೋಯ್ತು, ಇನ್ನು ಸ್ವಲ್ಪ ಮೂಗಿಗೆ ರೂಢಿ ಆಯ್ತು. ಮೀನು ಮಾರ್ಕೆಟಿಗೆ ಹೋದಾಗ ಐದು ನಿಮಿಷ ಆದ್ಮೇಲೆ ಏನೂ ಅನ್ಸಲ್ವಲ್ಲ, ಅದು. ರೂಮಿಂದ ಆಚೆ ಹೋಗಿ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದ್ರೆ ಮತ್ತೆ ಗಪ್ ಅಂತ ಹೊಡೆಯುತ್ತೆ. ಆ ಲೆಕ್ಚರರ್ ಇಷ್ಟು ಮಾಡಿದ್ರೆ ಸಾಕಿತ್ತು, ಕಿಟಕಿ ತೆಗೆಸಿ ಎಲ್ರನ್ನೂ ಕಾರಿಡಾರಿಗೆ ಕಳಿಸಿ ಆಮೇಲೆ ಬಂದು ಮೂಸಿ ನೋಡೋದು.

ಆದ್ರೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುಮಾರು 100 ಪಿಪಿಎಂ ದಾಟಿದ್ರೆ ಹೈಡ್ರೋಜನ್ ಸಲ್ಫೈಡ್ ಮೂಗಿನ ನರಾನೇ ಮಂಕು ಮಾಡಿಬಿಡುತ್ತೆ, ನಿಮಿಷಗಳಲ್ಲಿ ವಾಸನೆ ನಿಂತುಹೋಗುತ್ತೆ, ಗ್ಯಾಸ್ ಮಾತ್ರ ಅಲ್ಲೇ ಇರುತ್ತೆ. 500 ದಾಟಿದ್ರೆ ಮನುಷ್ಯ ತೂರಾಡಿ ಬೀಳ್ತಾನೆ, 1000ದ ಮೇಲೆ ಒಂದೆರಡು ಉಸಿರು ಸಾಕು. ಒಂದು ಸಲ ಡ್ರೈನ್ ಪಿಟ್ ಹತ್ರ ನನ್ನ ಅಂಗಿಗೆ ಸಿಗಿಸಿದ್ದ ಮೀಟರ್, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕೂಗಿ ನಡುಗಿ ಕೆಂಪು ದೀಪ ಹೊಡೆಯೋಕೆ ಶುರು ಮಾಡ್ತು. ಪಿಟ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಕಾಂಟ್ರಾಕ್ಟ್ ಹುಡುಗ ಏನಂದ ಗೊತ್ತಾ, "ಸಾರ್, ಆಗ ನಾತ ಇತ್ತು, ಈಗ ಇಲ್ಲ, ನಿಮ್ಮ ಮೀಟ್ರು ಕೆಟ್ಟಿದೆ". ಕಾಲರ್ ಹಿಡಿದು ಎಳೆದೆ, ಗುಂಡಿ ಎರಡು ಕಿತ್ತುಬಂತು, ಅವನಿಗೆ ನನ್ನ ಮೇಲೆ ತುಂಬಾ ದಿನ ಸಿಟ್ಟಿತ್ತು. ಇರ್ಲಿ, ಸಿಟ್ಟು ಮಾಡ್ಕೊಳ್ಳೋಕೆ ಅವನು ಇದ್ನಲ್ಲ.

ಮ್ಯಾನ್‌ಹೋಲಲ್ಲಿ, ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗೋದು ಇದೇ. ಗಾಳಿಗಿಂತ ತೂಕದ ಗ್ಯಾಸು, ತಳದಲ್ಲಿ ಕೂತಿರುತ್ತೆ. ಒಬ್ಬ ಇಳೀತಾನೆ, ಬೀಳ್ತಾನೆ, ಎತ್ತೋಕೆ ಅಣ್ಣ ಇಳೀತಾನೆ, ಆಮೇಲೆ ಪಕ್ಕದ ಮನೆಯವನು. 2013ರ ಕಾನೂನು ಚರಂಡಿ, ಸೆಪ್ಟಿಕ್ ಟ್ಯಾಂಕ್ ಒಳಗೆ ಯಾರನ್ನೂ ಸುರಕ್ಷತೆ ಇಲ್ದೆ ಇಳಿಸ್ಬಾರ್ದು ಅಂತ ಹೇಳುತ್ತೆ, ಆದ್ರೂ ಇಳಿಸ್ತಾರೆ, ದೀಪ ಇಳಿಸಿ ನೋಡಿದ್ವಿ ಆರ್ಲಿಲ್ಲ ಅಂತ ಸಮಜಾಯಿಷಿ ಬೇರೆ. ದೀಪ ಆರದೇ ಇದ್ರೆ ಆಮ್ಲಜನಕ ಒಂದಿಷ್ಟಿದೆ ಅಂತ ಅಷ್ಟೇ, ವಿಷ ಇಲ್ಲ ಅಂತಲ್ಲ. ಗೋಬರ್ ಗ್ಯಾಸ್ ಗುಂಡಿಗೆ ದೀಪ ಇಳಿಸೋ ಮಹಾನುಭಾವರಿಗಂತೂ ಏನು ಹೇಳ್ಲಿ, ಅದು ಉರಿಯೋ ಗ್ಯಾಸು ಕಣ್ರೀ!

ಪ್ರಶ್ನೆ: ಊದಿನಕಡ್ಡಿ ಹಚ್ಚಿದ್ರೆ, ಈರುಳ್ಳಿ ಹೆಚ್ಚಿ ಮೂಲೇಲಿಟ್ರೆ ಕೆಟ್ಟ ವಾಸನೆ ಹೀರ್ಕೊಳ್ಳುತ್ತಂತೆ?

ಊದಿನಕಡ್ಡಿ ಹಚ್ಚಿದ್ರೆ ನಾತದ ಜೊತೆ ಊದಿನಕಡ್ಡಿ. ಈರುಳ್ಳಿ ಇಟ್ರೆ ಅದೂ ಗಂಧಕದ್ದೇ ವಾಸನೆ, ಕಳ್ಳನ ಮನೆಗೆ ಕಳ್ಳನೇ ಕಾವಲು. ಕಿಟಕಿ ತೆಗೀರಿ, ಫ್ಯಾನ್ ಹಾಕಿ.

ಪ್ರಶ್ನೆ: ಒಬ್ರು ವಾಸನೆ ತೆಗೆಯೋಕೆ ಓಝೋನ್ ಮಷೀನ್ ಮಾರ್ತಿದ್ದಾರೆ, ಶ್ವಾಸಕೋಶಕ್ಕೂ ಒಳ್ಳೇದಂತೆ, ತಗೊಳ್ಳಲಾ?

ಬೇಡ. ವಾಸನೆ ಕೊಲ್ಲುವಷ್ಟು ಓಝೋನ್ ಬಿಟ್ರೆ ಶ್ವಾಸಕೋಶಕ್ಕೂ ಏಟು, ಶ್ವಾಸಕೋಶಕ್ಕೆ ಏಟು ಬೀಳದಷ್ಟು ಬಿಟ್ರೆ ವಾಸನೇನೂ ಹೋಗಲ್ಲ. ಇದನ್ನ ಚಿಕಿತ್ಸೆ ಅಂತ ಮಾರೋನು ಮನೆ ಬಾಗಿಲಿಗೆ ಬಂದ್ರೆ ಚಪ್ಪಲಿ ಬಿಡೋಕೂ ಮುಂಚೆ ಕಳಿಸಿ.

ಪ್ರಶ್ನೆ: ಮಲ್ಲಿಗೆಯಲ್ಲಿ ಮಲದ ವಾಸನೆಯ ಕೆಮಿಕಲ್ ಇದೆ ಅಂತ ವಾಟ್ಸಾಪ್ ಬಂತು, ಸುಳ್ಳು ತಾನೇ?

ಅಪರೂಪಕ್ಕೆ ವಾಟ್ಸಾಪ್ ನಿಜ ಹೇಳಿದೆ. ಇಂಡೋಲ್ ಅಂತ, ಎರಡರಲ್ಲೂ ಇದೆ, ಚೂರೇ ಚೂರು ಇದ್ರೆ ಹೂವು, ಜಾಸ್ತಿ ಆದ್ರೆ ಇನ್ನೊಂದು. ಮುಡ್ಕೊಳ್ಳಿ, ಏನಾಗಲ್ಲ.

ಪ್ರಶ್ನೆ: ಪ್ರಪಂಚದಲ್ಲೇ ಅತಿ ಕೆಟ್ಟ ವಾಸನೆ ಯಾವುದು?

ಥಯೋಅಸಿಟೋನ್ ಅಂತಾರೆ. 1889ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅದರ ಪ್ರಯೋಗ ಮಾಡೋಕೆ ಹೋಗಿ ಮುಕ್ಕಾಲು ಕಿಲೋಮೀಟರ್ ಸುತ್ತ ಜನ ವಾಂತಿ ಮಾಡ್ಕೊಂಡು, ಮೂರ್ಛೆ ಬಿದ್ದು, ಮನೆ ಬಿಟ್ಟು ಓಡಿದ್ರು. ಅದರ ರೆಸಿಪಿನೂ ಕೇಳ್ಬೇಡಿ.

ಪ್ರಶ್ನೆ: ಸಿಲಿಂಡರ್ ಮುಗಿಯೋ ಹೊತ್ತಿಗೆ ಗ್ಯಾಸ್ ವಾಸನೆ ಜಾಸ್ತಿ ಬರುತ್ತೆ, ಕಲಬೆರಕೆನಾ?

ಅಲ್ಲಮ್ಮ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ ಅಂತಾನೇ ಹೇಳ್ಬಹುದು, ಲೀಕ್ ಗೊತ್ತಾಗ್ಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ನಾತವನ್ನ ಬೇಕಂತಲೇ ಸೇರಿಸ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಅನ್ನೋ ಊರಿನ ಶಾಲೆಯಲ್ಲಿ ವಾಸನೆ ಇಲ್ಲದ ಗ್ಯಾಸ್ ಸೋರಿ ಸ್ಫೋಟ ಆಗಿ ಸುಮಾರು 300 ಜನ ಸತ್ರು, ಬಹುತೇಕ ಮಕ್ಕಳು, ಆಮೇಲೆ ಅಲ್ಲಿ ಗ್ಯಾಸಿಗೆ ವಾಸನೆ ಬೆರೆಸ್ಬೇಕು ಅಂತ ಕಾನೂನು ಬಂತು. ಈ ಮರ್ಕ್ಯಾಪ್ಟನ್ ಕುದಿಯೋದು 35 ಡಿಗ್ರಿಗೆ, ಬ್ಯೂಟೇನ್ ಸೊನ್ನೆ ಆಸುಪಾಸಲ್ಲೇ ಕುದಿಯುತ್ತೆ, ಪ್ರೊಪೇನ್ ಇನ್ನೂ ಕೆಳಗೆ, ಹಾಗಾಗಿ ಗ್ಯಾಸ್ ಮೊದಲು ಖಾಲಿ ಆಗ್ತಾ ಹೋಗುತ್ತೆ, ನಾತ ತಳದಲ್ಲಿ ಉಳ್ಕೊಳ್ಳುತ್ತೆ. ಆದ್ರೆ ಮುಗೀತಾ ಬಂದಿದೆ ಬಿಡು ಅಂತ ಕೂರ್ಬೇಡಿ, ಪೈಪಿಗೂ ರೆಗ್ಯುಲೇಟರ್‌ಗೂ ಸೋಪಿನ ನೀರು ಸವರಿ ನೋಡಿ, ಗುಳ್ಳೆ ಬಂದ್ರೆ ರೆಗ್ಯುಲೇಟರ್ ಆಫ್ ಮಾಡಿ, ಲೈಟಿನ ಸ್ವಿಚ್ ಮುಟ್ಟದೆ ಕಿಟಕಿ ತೆಗೆದು ಆಚೆ ಬಂದು ಗ್ಯಾಸ್ ಲೀಕಿನ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಬೆಂಕಿಕಡ್ಡಿ ಗೀರಿ ಲೀಕ್ ನೋಡೋರು ಇನ್ನೂ ಇದ್ದಾರೆ, ನಮ್ಮ ಬೀದೀಲೇ ಒಬ್ರಿದ್ದಾರೆ.