ಅರ್ಧ ಅಭ್ಯಾಸಕ್ಕೇ ತೋಳು ಸೋತುಬರುತ್ತಿದೆಯೇ?

ಪ್ರಶ್ನೆ: ವಯಸ್ಸು 24, ತೂಕ 60 ಕೆ.ಜಿ. ವಾರಕ್ಕೆ ಐದು ದಿನ ಬೆಳಗ್ಗೆ 5.30ರಿಂದ 7ರವರೆಗೆ ಈಜುತ್ತೇನೆ. ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ. ಮುಖ್ಯ ಸೆಟ್ (ಅಭ್ಯಾಸದ ಜೋರಾದ ಭಾಗ) ಶುರುವಾದ ಮೇಲೆ ತೋಳು ಸೋತುಬರುತ್ತದೆ. ಏನಾದರೂ ತಿಂದು ಹೋದರೆ ಟರ್ನ್ ಹೊಡೆಯುವಾಗ (ಕೊಳದ ತುದಿಯಲ್ಲಿ ಪಲ್ಟಿ ಹೊಡೆದು ತಿರುಗುವಾಗ) ಹೊಟ್ಟೆ ತೊಳಸುತ್ತದೆ, ಹಾಗಾಗಿ ಖಾಲಿ ಹೊಟ್ಟೆಯಲ್ಲೇ ಹೋಗುತ್ತೇನೆ. ತೂಕ ಏರಬಾರದೆಂದು ರಾತ್ರಿ ಅನ್ನ, ಬ್ರೆಡ್ ಬಿಟ್ಟಿದ್ದೇನೆ; ಸಲಾಡ್, ಮೊಟ್ಟೆ ಅಷ್ಟೇ. ಬೆಳಗ್ಗೆ ಏನು ತಿನ್ನಲಿ?

ಉತ್ತರ: ಬೆಳಗಿನ ತಿಂಡಿಗಿಂತ ಮೊದಲು ರಾತ್ರಿಯ ತಟ್ಟೆ ಸರಿಹೋಗಬೇಕು. ಜೋರಾಗಿ ಈಜುವಾಗ ಸ್ನಾಯುಗಳು ಮುಖ್ಯವಾಗಿ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆಯನ್ನು ಉರಿಸುತ್ತವೆ. ಯಕೃತ್ತಿನಲ್ಲಿ ಅದು ಹಿಡಿಸುವುದೇ ಸುಮಾರು 100 ಗ್ರಾಂ. ನೀವು ಮಲಗಿದ್ದಾಗ ಮಿದುಳಿಗೆ ಸಕ್ಕರೆ ಒದಗಿಸುತ್ತಾ ಅದರಲ್ಲಿ ಹೆಚ್ಚಿನ ಪಾಲು ಖರ್ಚಾಗಿರುತ್ತದೆ. ಸ್ನಾಯುಗಳಲ್ಲಿರುವ ದಾಸ್ತಾನು ರಾತ್ರಿ ಕರಗುವುದಿಲ್ಲ, ನಿಜ. ಆದರೆ ಸಂಜೆ ತುಂಬಿಸಿದ್ದರೆ ತಾನೇ ಬೆಳಗ್ಗೆ ಸಿಗುವುದು!

ದಿನಕ್ಕೆ ಒಂದೂವರೆ ಗಂಟೆ ಈಜುವವರಿಗೆ ಪ್ರತಿ ಕೆ.ಜಿ. ತೂಕಕ್ಕೆ 5ರಿಂದ 7 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ನೀವು ಕೆಳಗಿನ ಮಿತಿಯಿಂದ, ಅಂದರೆ ದಿನಕ್ಕೆ 300 ಗ್ರಾಂನಿಂದ ಆರಂಭಿಸಿ. 100 ಗ್ರಾಂ ಬೆಂದ ಅನ್ನದಲ್ಲಿ ಸಿಗುವುದು ಸುಮಾರು 28 ಗ್ರಾಂ. ಮರುದಿನ ಈಜು ಇದ್ದರೆ ರಾತ್ರಿ 250 ಗ್ರಾಂ ಅನ್ನ, ಜೊತೆಗೆ ಒಂದು ಬಟ್ಟಲು ಬೆಂದ ಕಾಳು ಇರಲಿ. ಸಲಾಡ್ ಬಿಡಬೇಕಿಲ್ಲ, ಆದರೆ ಅದನ್ನೇ ಊಟ ಅಂದುಕೊಳ್ಳಬೇಡಿ. ತೂಕ ಇಳಿಸಲೇಬೇಕಿದ್ದರೆ ಬಿಡುವಿನ ದಿನ ಅನ್ನ ಕಡಿಮೆ ಮಾಡಿ, ಕರಿದದ್ದು ಬಿಡಿ.

ಇನ್ನು ಹೊಟ್ಟೆ ತೊಳಸುವ ವಿಚಾರ. ಈಜುವಾಗ ದೇಹ ಅಡ್ಡಡ್ಡ ಇರುತ್ತದೆ, ಟರ್ನ್‌ನಲ್ಲಿ ತಲೆ ಕೆಳಗಾಗುತ್ತದೆ. ಜೀರ್ಣವಾಗದೆ ಉಳಿದದ್ದು ಗಂಟಲಿಗೆ ಬರುತ್ತದೆ. ಜಿಡ್ಡು ಮತ್ತು ನಾರು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಆದ್ದರಿಂದ ಈಜಿಗೆ ಮುಂಚೆ ಕಡಲೆಕಾಯಿ ಬೆಣ್ಣೆ, ತುಂಬು ಲೋಟ ಹಾಲು, ಮೊಳಕೆಕಾಳು ಬೇಡ. ನೀರಿಗಿಳಿಯಲು 30–40 ನಿಮಿಷ ಇರುವಾಗ ಒಂದು ಬಾಳೆಹಣ್ಣು, ಇಲ್ಲವೇ ಜ್ಯಾಮ್ ಸವರಿದ ಎರಡು ಬಿಳಿ ಬ್ರೆಡ್ ಸಾಕು. ಮೊದಲ ವಾರ ಅರ್ಧ ಹಣ್ಣೇ ಇರಲಿ. ಹೊಟ್ಟೆಗೂ ಅಭ್ಯಾಸ ಬೇಕು, ಮೆಲ್ಲಗೆ ಹೊಂದಿಕೊಳ್ಳುತ್ತದೆ.

ಅದೂ ಒಗ್ಗದಿದ್ದರೆ ಕುಡಿಯಿರಿ. 1 ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ (ತಲೆ ಸಮ ಮಾಡಿದ 5 ಟೇಬಲ್ ಚಮಚ), ಕಾಲು ಟೀ ಚಮಚ ಉಪ್ಪು, ರುಚಿಗೆ ನಿಂಬೆರಸ. ಬಾಟಲಿಯನ್ನು ಕೊಳದ ಅಂಚಿನಲ್ಲೇ ಇಟ್ಟುಕೊಂಡು 15–20 ನಿಮಿಷಕ್ಕೊಮ್ಮೆ ಮೂರ್ನಾಲ್ಕು ಗುಟುಕು. ನೀರಿನಲ್ಲೂ ಬೆವರುತ್ತೇವೆ, ಕಾಣುವುದಿಲ್ಲ ಅಷ್ಟೇ. ಹಣ್ಣಿನ ರಸವನ್ನು ಹಾಗೇ ಕುಡಿದರೆ ಸಕ್ಕರೆಯಂಶ ಹೆಚ್ಚಾಗಿ ಹೊಟ್ಟೆ ಭಾರವಾಗಬಹುದು. ಅಷ್ಟೇ ನೀರು ಬೆರೆಸಿ.

ಮುಗಿಸಿದ ಒಂದು ಗಂಟೆಯೊಳಗೆ ತಿಂಡಿಯಾಗಲಿ: ಎರಡು ಮೊಟ್ಟೆ, 250 ಮಿ.ಲೀ. ಹಾಲು, ಮೂರು ಬ್ರೆಡ್, ಒಂದು ಹಣ್ಣು. ಇದರಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ನಿಮಗೆ ಬೇಕಿರುವುದು 80ರಿಂದ 100 ಗ್ರಾಂ. ಅದನ್ನು ನಾಲ್ಕು ಹೊತ್ತಿಗೆ ಹಂಚಿ, ಒಂದೇ ಊಟಕ್ಕೆ ತುಂಬಬೇಡಿ.

ಸುಧಾರಿಸುತ್ತಿದೆಯೋ ಇಲ್ಲವೋ ತಿಳಿಯಲು ಮುಖ್ಯ ಸೆಟ್‌ನ ಮೊದಲ 100 ಮೀಟರ್ ಮತ್ತು ಕೊನೆಯ 100 ಮೀಟರಿನ ಸಮಯ ಬರೆದಿಡಿ. ಎರಡರ ನಡುವಿನ ಅಂತರ ಮೂರು ವಾರದಲ್ಲಿ ಕುಗ್ಗದಿದ್ದರೆ ರಾತ್ರಿಯ ಅನ್ನವನ್ನು ಇನ್ನೂ 100 ಗ್ರಾಂ ಏರಿಸಿ.

ಪ್ರಶ್ನೆ: ಸ್ಪರ್ಧೆಗೆ ಮುಕ್ಕಾಲು ಗಂಟೆ ಮುಂಚೆ ಗ್ಲೂಕೋಸ್ ಪುಡಿ ಕಲಸಿ ಕುಡಿಯುತ್ತೇನೆ. ವಾರ್ಮ್ ಅಪ್‌ನಲ್ಲೇ ತಲೆ ತಿರುಗಿದಂತಾಗುತ್ತದೆ. ಏಕೆ?

ಉತ್ತರ: ಹೊತ್ತು ತಪ್ಪುತ್ತಿದೆ. ಗ್ಲೂಕೋಸ್ ಕುಡಿದೊಡನೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಏರುತ್ತದೆ. ಅದು ಏರಿರುವಾಗಲೇ ನೀವು ಈಜಲು ಶುರುಮಾಡಿದರೆ ಸ್ನಾಯುಗಳೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಕೆಲವರಿಗೆ ಅದು ಸರ್ರನೆ ಇಳಿಯುತ್ತದೆ. ಎರಡು–ಮೂರು ಗಂಟೆ ಮುಂಚೆಯೇ ಹಗುರವಾದ ಊಟ ಮುಗಿಸಿ, ಸಿಹಿ ಪಾನೀಯವನ್ನು ಕೊನೆಯ 5–10 ನಿಮಿಷಕ್ಕೆ ಉಳಿಸಿಕೊಳ್ಳಿ. ಆಗಲೂ ತಲೆ ತಿರುಗಿದರೆ, ಅಥವಾ ನಿಮಗೆ ಮಧುಮೇಹವಿದ್ದರೆ, ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

ಪ್ರಶ್ನೆ: 15 ವರ್ಷದ ಮಗಳು ದಿನಕ್ಕೆರಡು ಬಾರಿ ಈಜುತ್ತಾಳೆ. ಸದಾ ಸುಸ್ತು. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಕಬ್ಬಿಣದ ಮಾತ್ರೆ ಕೊಡಬಹುದೇ?

ಉತ್ತರ: ನೀವಾಗಿಯೇ ಕೊಡಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ. ಮುಟ್ಟು ನಿಂತಿರುವುದನ್ನು ‘ಅಭ್ಯಾಸ ಜಾಸ್ತಿಯಾಯಿತು’ ಎಂದು ತಳ್ಳಿಹಾಕುವುದು ಅಪಾಯ. ಖರ್ಚಾಗುವಷ್ಟು ಆಹಾರ ಹೊಟ್ಟೆಗೆ ಸೇರದಿದ್ದರೆ ದೇಹ ಮೊದಲು ಹಾರ್ಮೋನುಗಳಲ್ಲೇ ಉಳಿತಾಯ ಮಾಡುತ್ತದೆ, ಮೂಳೆಯೂ ಸವೆಯುತ್ತದೆ. ಬೇರೆ ಕಾರಣಗಳೂ ಇರಬಹುದು, ಅವನ್ನು ವೈದ್ಯರೇ ನೋಡಬೇಕು. ಹಿಮೋಗ್ಲೋಬಿನ್ ಜೊತೆ, ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅಲ್ಲಿಯವರೆಗೆ ಎರಡು ಅಭ್ಯಾಸಗಳ ನಡುವೆ ಒಂದು ಪೂರ್ಣ ಊಟ ತಪ್ಪದಿರಲಿ, ಊಟದ ಜೊತೆ ಚಹಾ ಬೇಡ. ತೂಕದ ಮಾತನ್ನು ತರಬೇತುದಾರರು ಅವಳೆದುರು ಎತ್ತದಂತೆ ಹೇಳಿ.